ಇಸ್ತ್ರಿಯಂತ್ರಕ್ಕೆ ಮಾತು ಬರೆದವಳು

ಅಂಗಡಿಗೆ ಯಾರು ಕಾಲಿಟ್ಟರೂ ಹೊಸ್ತಿಲಿಂದ ಗಲ್ಲಾದವರೆಗೆ ಬರುವಷ್ಟರಲ್ಲಿ ಅವರನ್ನು ತೂಗಿ ಮುಗಿಸಿರುತ್ತೇನೆ. ಟೀವಿ, ರೇಡಿಯೋ, ಮಿಕ್ಸರ್ ಮಾರುವವನಿಗೆ ಇಷ್ಟು ಬಾರದಿದ್ದರೆ ಬಾಗಿಲು ಎಳೆದುಕೊಂಡು ಮನೆಗೆ ಹೋಗುವುದು ಮೇಲು. ಬೆಲೆಚೀಟಿ ತಿರುಗಿಸಿ ನೋಡುವವರು ಇವತ್ತೇ ಕೊಳ್ಳುತ್ತಾರೆ. ಗಾಜು ತಟ್ಟಿ ನೋಡುವವರು ಪಕ್ಕದ ಬೀದಿಯಲ್ಲಿ ಕೊಳ್ಳುತ್ತಾರೆ. ಗಂಡನನ್ನು ಮುಂದೆ ಬಿಟ್ಟು ಹಿಂದೆ ನಿಂತ ಹೆಂಗಸೇ ನಿಜವಾದ ಗಿರಾಕಿ; ಗಂಡನ ಜೊತೆ ಮಾತಾಡಿ ಗಂಟಲು ಒಣಗಿಸಿಕೊಳ್ಳಬಾರದು.

ಟೈಪಿಸ್ಟಮ್ಮ ಮೊದಲ ಸಲ ಬಂದಾಗ ನಾನು ತೂಗಿದ್ದು ಹೀಗೆ. ವಯಸ್ಸು ನಲವತ್ತರ ಆಸುಪಾಸು. ಚಪ್ಪಲಿಗೆ ಎರಡು ಸಲ ಹೊಲಿಗೆ ಬಿದ್ದಿದೆ, ಕೈಚೀಲ ಮಾತ್ರ ಒಳ್ಳೆಯ ಚರ್ಮದ್ದು. ಅಂದರೆ ದುಡ್ಡಿಲ್ಲದವಳಲ್ಲ, ಎಲ್ಲಿ ಸುರಿಯಬೇಕು ಎಲ್ಲಿ ಬಿಗಿಯಬೇಕು ಎಂದು ಗೊತ್ತಿರುವವಳು. ಚೀಲದ ಹೊರಜೇಬಿನಲ್ಲಿ ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್. ಕಣ್ಣು ಬೆಲೆಗೂ ಹೋಗಲಿಲ್ಲ, ಬಣ್ಣಕ್ಕೂ ಹೋಗಲಿಲ್ಲ, ಸೀದಾ ಸ್ಪೀಕರಿನ ಜಾಲರಿಗೆ ಹೋಯಿತು. ಕೊಳ್ಳುವವಳಲ್ಲ, ಮೋಸ ಹೋಗುವವಳೂ ಅಲ್ಲ, ಅರ್ಧ ಗಂಟೆ ತಿಂದು ಹೋಗುತ್ತಾಳೆ ಎಂದು ಮನಸ್ಸಿನಲ್ಲೇ ಷರಾ ಬರೆದೆ. ಆ ಅರ್ಧ ಗಂಟೆ ನನ್ನ ವ್ಯಾಪಾರದ ಬದುಕಿನ ಅತಿ ದೊಡ್ಡ ತಪ್ಪು ಅಂದಾಜು. ಆಕೆ ಬಂದು ಹದಿನೈದು ವರ್ಷವಾಯಿತು, ಇನ್ನೂ ಹೋಗಿಲ್ಲ.

“ಯಜಮಾನ್ರೆ, ಕೊಳ್ಳೋಕೆ ಬಂದಿಲ್ಲ, ಮೊದಲೇ ಹೇಳಿಬಿಡ್ತೀನಿ,” ಎಂದಳು. “ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಒಂದು ಕಾರ್ಟೂನ್ ಬರುತ್ತೆ. ಅದರಲ್ಲಿ ಏನೇನ್ ಮಾತಾಡ್ತಾರೋ ಅಷ್ಟನ್ನೂ ಬರ್ಕೋಬೇಕು. ನಮ್ಮನೆ ಟೀವಿ ಗೊರಗೊರ ಅನ್ನುತ್ತೆ.”

ಯಾರಿಗೆ ಎಂದು ಕೇಳಿದೆ. ಅಣ್ಣನಿಗೆ ಎಂದಳು.

ಅಣ್ಣನನ್ನು ನಾನು ಬಲ್ಲೆ. ನಮ್ಮ ಬೀದಿಯ ಹಿಂದಿದ್ದ ತಗಡಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ತಗಡನ್ನು ಡಬ್ಬಿ, ಮುಚ್ಚಳ, ತಟ್ಟೆ ಮಾಡುವ ಒತ್ತುಯಂತ್ರಗಳ ನಡುವೆ ಇಪ್ಪತ್ತೈದು ವರ್ಷ ನಿಂತು ಎರಡು ಕಿವಿಯನ್ನೂ ಅಲ್ಲೇ ಬಿಟ್ಟು ಬಂದವನು. ಅವನ ಪಾಳಿಯ ಉಳಿದ ಹದಿಮೂರು ಮಂದಿಯದೂ ಅದೇ ಕಥೆ, ಒಬ್ಬರದು ಹೆಚ್ಚು ಒಬ್ಬರದು ಕಡಿಮೆ ಅಷ್ಟೇ. ಆದರೆ ಅವರಿಗೆಲ್ಲ ತುಟಿ ಓದುವುದು ಬರುತ್ತಿತ್ತು. ಆ ಗದ್ದಲದಲ್ಲಿ ಕಿವಿ ಇದ್ದವನಿಗೂ ಏನೂ ಕೇಳಿಸದ್ದರಿಂದ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಎಲ್ಲರೂ ಕಲಿಯುವ ವಿದ್ಯೆ ಅದು. ನಾನು ಗಿರಾಕಿಗೆ ಹೇಳುವ ಕೊನೆಯ ಬೆಲೆಯನ್ನು ರಸ್ತೆಯ ಆಚೆ ಬದಿಯಿಂದಲೇ ಓದಿಬಿಡುತ್ತಿದ್ದರು; ಮಾರನೆಯ ದಿನ ಬಂದು ನಮಗೂ ಅದೇ ಬೆಲೆಗೆ ಕೊಡು ಎನ್ನುತ್ತಿದ್ದರು. ಬೆಲೆ ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ನನಗೆ ಅಂಟಿದ್ದು ಹಾಗೆ.

ಸುದ್ದಿ, ಸಿನಿಮಾ, ಪಕ್ಕದ ಮನೆಯ ಜಗಳ ಎಲ್ಲವನ್ನೂ ಓದಬಲ್ಲವರು ಸೋತದ್ದು ಕಾರ್ಟೂನಿನ ಮುಂದೆ. ಚಿತ್ರದ ಬಾಯಿಗೆ ಮೂರೇ ಆಕಾರ: ಮುಚ್ಚಿದ್ದು, ತೆರೆದದ್ದು, ದುಂಡಗಿನದು. ಅದರಲ್ಲಿ ಏನೆಂದು ಓದುವುದು? ಹಾಗಂತ ಬಿಡುವ ಹಾಗೂ ಇರಲಿಲ್ಲ, ಯಾಕೆಂದರೆ ಅದರ ನಾಯಕ ಒಂದು ಒತ್ತುಯಂತ್ರ. ಗ್ರಹದಿಂದ ಗ್ರಹಕ್ಕೆ ಹೋಗಿ ಗಗನಯಾತ್ರಿಗಳ ಬಟ್ಟೆ ಒಗೆದುಕೊಡುವ ಒಂದು ಲಾಂಡ್ರಿ ನೌಕೆ. ಅದಕ್ಕೆ ಜಿಪುಣಿಯಾದ ಒಬ್ಬ ಯಜಮಾನಿ, ಏಳು ಕೈಯಿದ್ದರೂ ಒಂದರಿಂದಲೂ ಕೆಲಸ ಮಾಡದ ಒಬ್ಬ ಸಹಾಯಕ, ಮತ್ತು ಬಟ್ಟೆ ಒತ್ತುತ್ತಾ ಮಾತಾಡುವ ಒಂದು ಇಸ್ತ್ರಿಯಂತ್ರ. ಬದುಕೆಲ್ಲ ತಮ್ಮ ಮೇಲೆ ಗುಡುಗಿದ ಯಂತ್ರವೊಂದು ಇಲ್ಲಿ ಯಜಮಾನಿಯ ಮೇಲೆ ಬಾಯಿ ಮಾಡುತ್ತಿದೆ ಎಂಬಷ್ಟು ಚಿತ್ರದಿಂದಲೇ ತಿಳಿಯುತ್ತಿತ್ತು. ಏನೆಂದು ಬಾಯಿ ಮಾಡುತ್ತಿದೆ ಎಂಬುದು ಬೇಕಿತ್ತು.

ಮೇಸ್ತ್ರಿಯ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. ಅವನು ಎಂತಹ ಬೈಗುಳವನ್ನಾದರೂ ತಡೆದುಕೊಳ್ಳುತ್ತಿದ್ದ. ತಡೆಯದಿದ್ದದ್ದು ‘ಏನಿಲ್ಲ ಬಿಡು’ ಎಂಬ ಮಾತನ್ನು. ನಾಲ್ಕು ಜನ ಕೂತು ನಗುತ್ತಿರುತ್ತಾರೆ, ಕಿವಿ ಕೇಳದವನು ಏನಂತೆ ಎಂದು ಕೇಳುತ್ತಾನೆ, ಎರಡನೇ ಸಲ ಹೇಳಲು ಸೋಮಾರಿತನವಾಗಿ ಏನಿಲ್ಲ ಬಿಡು ಎನ್ನುತ್ತಾರೆ. ಹಾಗೆಂದ ಒಬ್ಬ ಸೋದರಮಾವನ ಮನೆಗೆ ಮೇಸ್ತ್ರಿ ಒಂಬತ್ತು ವರ್ಷ ಕಾಲಿಡಲಿಲ್ಲ. ಇಡೀ ಊರಿನಲ್ಲಿ ಅವನಿಗೆ ಆ ಮಾತು ಒಮ್ಮೆಯೂ ಹೇಳದವಳು ತಂಗಿ ಒಬ್ಬಳೇ. ಬ್ಯಾಂಕು, ಆಸ್ಪತ್ರೆ, ಪಿಂಚಣಿ ಕಚೇರಿ ಎಲ್ಲಿಗೆ ಹೋದರೂ ಆಕೆ ಜೊತೆಗೆ ಹೋಗಿ, ಅಂದದ್ದನ್ನು ಅಂದ ಹಾಗೆ ಎದುರು ಕೂತು ಹೇಳುತ್ತಿದ್ದಳು. ಕಚೇರಿಯಲ್ಲಿ ಸ್ಟೆನೋ; ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದೇ ಅನ್ನ ಕೊಡುವ ಕೆಲಸ. ಪತ್ರದ ಕೆಳಗೆ ಎಡಮೂಲೆಯಲ್ಲಿ ಹೇಳಿದವರು ಇಂಥವರು, ಬರೆದವರು ಇಂಥವರು ಎಂದು ಪುಟ್ಟದಾಗಿ ಗುರುತು ಹಾಕುವುದು ಅವರ ಕಚೇರಿಯ ಪದ್ಧತಿ, ತಪ್ಪು ಸಿಕ್ಕರೆ ಯಾರ ಕಿವಿ ಹಿಂಡಬೇಕೆಂದು ತಿಳಿಯಲಿ ಅಂತ. ಆಕೆ ಸಾಮಾನಿನ ಚೀಟಿಗೂ ಅದನ್ನು ಹಾಕುತ್ತಿದ್ದಳು.

ಶುಕ್ರವಾರ ನನ್ನ ಅಂಗಡಿಯಲ್ಲಿ ನಿಂತು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು. ಶನಿವಾರ ಅದನ್ನು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಇಳಿಸುವುದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಕಂತು ಮರುಪ್ರಸಾರ. ಹದಿನಾಲ್ಕು ಮಂದಿ ನನ್ನ ಅಂಗಡಿಯಲ್ಲಿ ಬೆಂಚು ಹಾಕಿಕೊಂಡು ಕೂರುತ್ತಿದ್ದರು, ಆಕೆ ಟೀವಿಯ ಪಕ್ಕ ನಿಂತು ಮಾತು ಬಂದ ಹಾಗೆ ರಟ್ಟು ತಿರುಗಿಸುತ್ತಿದ್ದಳು. ಇಪ್ಪತ್ತೆರಡು ನಿಮಿಷಕ್ಕೆ ನೂರ ನಲವತ್ತು ರಟ್ಟು. ಟೀವಿ ಬಂದ ಪೆಟ್ಟಿಗೆಗಳನ್ನು ಕತ್ತರಿಸಿ ನಾನೇ ಕೊಡುತ್ತಿದ್ದೆ. ಹಿಂದಿನ ಬೆಂಚಿಗೆ ಕಾಣಬೇಕೆಂದರೆ ಒಂದು ರಟ್ಟಿನ ಮೇಲೆ ಒಂಬತ್ತು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಮೂರನೇ ವಾರ ಒಂದು ಅನಾಹುತವಾಯಿತು, ಅದಕ್ಕೆ ಕಾರಣ ನಾನು. ಆಕೆ ಬರೆದುಕೊಳ್ಳುತ್ತಿದ್ದಾಗ ಗಿರಾಕಿಯೊಬ್ಬರಿಗೆ ಮಿಕ್ಸರ್ ಓಡಿಸಿ ತೋರಿಸಿದೆ. ಇಸ್ತ್ರಿಯಂತ್ರದ ಒಂದು ಮಾತು ಅದರ ಸದ್ದಿನಲ್ಲಿ ಮುಳುಗಿಹೋಯಿತು. ಯಜಮಾನಿ ಸುಟ್ಟ ಅಂಗಿ ಹಿಡಿದು ಗದರುತ್ತಾಳೆ, ಯಂತ್ರ ಏನೋ ಅನ್ನುತ್ತದೆ; ಏನೆಂದು ತಿಳಿಯದು. ಒಂದು ರಟ್ಟು ಖಾಲಿ. ಖಾಲಿ ರಟ್ಟು ತೋರಿಸುವುದೆಂದರೆ ಏನಿಲ್ಲ ಬಿಡು ಎಂದ ಹಾಗೆಯೇ. ಆಕೆ ಶನಿವಾರವಿಡೀ ಯೋಚಿಸಿ ಬರೆದಳು: ‘ತಪ್ಪು ನನ್ನದಲ್ಲ, ನನ್ನನ್ನು ಕೊಂಡವರದು.’

ಭಾನುವಾರ ಮಂದಿ ಬೆಂಚಿನ ಮೇಲೆ ಹೊರಳಾಡಿ ನಕ್ಕರು. ಸುತ್ತಿಗೆ ಮಾಮ ಎಂದು ನಾವು ಕರೆಯುವ, ನಕ್ಕರೆ ಕಾಸು ಖರ್ಚಾಗುತ್ತದೆ ಎಂಬಂತೆ ಇದ್ದ ಒಬ್ಬರು, ಕಣ್ಣೊರೆಸಿಕೊಳ್ಳಲು ನನ್ನ ಧೂಳೊರೆಸುವ ಬಟ್ಟೆ ತೆಗೆದುಕೊಂಡರು. ಟೀವಿಯ ದನಿ ನನಗೆ ಕೇಳಿಸುತ್ತಿತ್ತು. ಅಲ್ಲಿ ಯಂತ್ರ ನಿಜವಾಗಿ ಅಂದದ್ದು ‘ಕ್ಷಮಿಸಿ ಯಜಮಾನಿ, ಇನ್ನೊಮ್ಮೆ ಹೀಗಾಗಲ್ಲ.’ ನಾನು ಆಕೆಯ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು, ಮುಂದಿನ ರಟ್ಟು ತಿರುಗಿತು.

ಆಮೇಲೆ ವಾರಕ್ಕೆ ಒಂದಿದ್ದದ್ದು ಮೂರಾಯಿತು, ಮೂರು ಹತ್ತಾಯಿತು. ಪುಕ್ಕಲು ಯಂತ್ರ ರಟ್ಟಿನ ಮೇಲೆ ಚೂಪು ನಾಲಿಗೆಯ ಯಂತ್ರವಾಯಿತು. ಕೆಲಸ ನಿಲ್ಲಿಸಿ ಕೂತಾಗ ‘ದಣಿದಿಲ್ಲ, ತಣ್ಣಗಾಗ್ತಾ ಇದೀನಿ’ ಎಂದಿತು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಕಾಲು ಚಾಚುವವರೆಲ್ಲ ಅದನ್ನೇ ಅನ್ನತೊಡಗಿದರು. ಕಾಲುಚೀಲ ನುಂಗುವ ಕಪ್ಪು ಸುಳಿಯ ಮುಂದೆ ‘ಒಂದೇ ನುಂಗುತ್ತೆ, ಜೋಡಿ ನುಂಗೋ ಮರ್ಯಾದೆ ಇಲ್ಲ’ ಎಂದಿತು. ನಾಲ್ಕು ವರ್ಷ ನಡೆದು ಸರಣಿ ನಿಂತುಹೋಯಿತು. ಬೆಂಚು ಅಟ್ಟ ಸೇರಿತು. ಕಾರ್ಖಾನೆಯೂ ಮುಚ್ಚಿತು.

ಹನ್ನೊಂದು ವರ್ಷದ ಮೇಲೆ, ಈ ವರ್ಷ, ಸರಣಿ ಮತ್ತೆ ಶುರುವಾಯಿತು. ಅದೇ ನೌಕೆ, ಅದೇ ಯಜಮಾನಿ, ಅದೇ ದನಿಗಳು. ಈಗ ಕಾರ್ಟೂನ್ ಕಂಪನಿಯವರೇ ತೆರೆಯ ಕೆಳಗೆ ಮಾತುಗಳನ್ನು ಅಕ್ಷರದಲ್ಲಿ ಕೊಡುತ್ತಾರೆ. ರಟ್ಟು ಬೇಕಿಲ್ಲ. ಹದಿನಾಲ್ಕರಲ್ಲಿ ಉಳಿದ ಹತ್ತು ಮಂದಿ ಕ್ಷೌರ ಮಾಡಿಸಿಕೊಂಡು ಬಂದು ಕೂತರು. ಟೈಪಿಸ್ಟಮ್ಮ ಮೊದಲ ಸಲ ಬೆಂಚಿನ ಮೇಲೆ ಕೂತಳು, ಕೈ ಎಲ್ಲಿಡುವುದೆಂದು ತಿಳಿಯದೆ ಚೀಲ ಹಿಡಿದುಕೊಂಡಳು.

ಒಬ್ಬರೂ ನಗಲಿಲ್ಲ.

ಎರಡನೇ ವಾರ ಗೊಣಗಾಟ. ಯಂತ್ರ ಮೆತ್ತಗಾಗಿದೆ ಎಂದರು. ಮಾತು ಮಾತಿಗೂ ಕ್ಷಮಿಸಿ ಅನ್ನುತ್ತದೆ, ಇದು ಒತ್ತುಯಂತ್ರವೋ ಹೊಸ ಅಳಿಯನೋ ಎಂದು ಸುತ್ತಿಗೆ ಮಾಮ ಕೇಳಿದರು. ಹಳೆಯ ಬರಹಗಾರ ತೀರಿಕೊಂಡಿರಬೇಕು ಎಂದು ಇನ್ನೊಬ್ಬರು ಸಂತಾಪ ಸೂಚಿಸಿದರು. ಮೇಸ್ತ್ರಿ ಫೋನು ತೆಗೆದು ಬೇರೆ ಅಭಿಮಾನಿಗಳು ಏನೆನ್ನುತ್ತಾರೆಂದು ನೋಡಿದ. ಲೋಕವೆಲ್ಲ ಕುಣಿದಾಡುತ್ತಿತ್ತು. ಕೂದಲೆಳೆಯಷ್ಟೂ ಬದಲಾಗಿಲ್ಲ ಎಂದು ಒಬ್ಬರು. ನಮ್ಮ ಮುದ್ದು ಪುಕ್ಕಲು ಯಂತ್ರ ಮರಳಿ ಬಂತು, ಕಣ್ಣಲ್ಲಿ ನೀರು ಬಂತು ಎಂದು ಇನ್ನೊಬ್ಬರು. ಮೇಸ್ತ್ರಿಗೆ ಮೈ ಉರಿಯಿತು. ನಮ್ಮ ಯಂತ್ರ ಯಾರಿಗೂ ಕ್ಷಮಿಸಿ ಎಂದದ್ದಿಲ್ಲ ಎಂದು ಬರೆದ. ನೀವು ಯಾವ ಸರಣಿ ನೋಡಿದ್ದು ಅಂಕಲ್ ಎಂದು ಯಾರೋ ಕೇಳಿದರು, ಅದರ ಕೆಳಗೆ ನಲವತ್ತು ಜನ ನಕ್ಕರು. ಇಡೀ ಲೋಕಕ್ಕೆ ಮರೆವು ಬಂದಿದೆ ಎಂದು ಅವನು ತೀರ್ಮಾನಿಸಿದ.

ಬುಧವಾರ ಸಂಜೆ ತಂಗಿಯನ್ನು ಕೂರಿಸಿಕೊಂಡು ಕಂಪನಿಗೆ ಪತ್ರ ಹೇಳಿ ಬರೆಸಿದ. ಈಗಿನ ಬರಹಗಾರರನ್ನು ಕೂಡಲೇ ತೆಗೆಯಬೇಕು, ಹಳಬರನ್ನು ಹುಡುಕಿ ತರಬೇಕು. ಹಳಬರು ಯಾರೆಂದು ಮರೆತಿದ್ದರೆ ಗುರುತಿಗೆ ಅವರ ಹನ್ನೊಂದು ಮಾತು ಕೆಳಗೆ ಕೊಟ್ಟಿದೆ. ಹತ್ತು ಮಂದಿಯ ಸಹಿ ಭಾನುವಾರ.

ಮಾರನೆಯ ದಿನ ಆಕೆ ಊಟದ ಬಿಡುವಿನಲ್ಲಿ ಆ ಕರಡು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಹನ್ನೊಂದರಲ್ಲಿ ಒಂಬತ್ತು ಆಕೆಯವು. ಕಂಪನಿಯವರು ಉತ್ತರ ಬರೆದರೆ ಅಂಥ ಮಾತು ನಮ್ಮಲ್ಲಿ ಇರಲೇ ಇಲ್ಲ ಎಂದು ಬರೆಯುತ್ತಾರೆ. ಆಗ ಮೇಸ್ತ್ರಿ ಒಂದೇ ಪ್ರಶ್ನೆ ಕೇಳುತ್ತಾನೆ: ಕಾರ್ಟೂನಿಗೆ ಸೇರಿಸಿದವಳು ಬ್ಯಾಂಕಿನಲ್ಲಿ ಏನು ಸೇರಿಸಿದಳು, ಡಾಕ್ಟರ ಹತ್ತಿರ ಏನು ಬಿಟ್ಟಳು? ಅವನಿಗೆ ಉಳಿದಿದ್ದ ಕಿವಿ ತಂಗಿ ಒಬ್ಬಳೇ. ಅದರ ಮೇಲೂ ನಂಬಿಕೆ ಹೋದರೆ ಅವನು ನಿಜವಾಗಿ ಕಿವುಡನಾಗುತ್ತಾನೆ.

ನಾನು ವ್ಯಾಪಾರಿಗೆ ತಕ್ಕ ಉಪಾಯ ಹೇಳಿದೆ. ಪತ್ರ ಅಂಚೆಗೆ ಹಾಕಿದೆ ಅನ್ನಿ, ನನ್ನ ಮೇಜಿನ ಖಾನೆಯಲ್ಲಿ ಹಾಕಿ. ಉತ್ತರ ಬರದ ಪತ್ರಗಳು ಲೋಕದಲ್ಲಿ ಎಷ್ಟಿಲ್ಲ.

“ಬೇಡ ಯಜಮಾನ್ರೆ,” ಎಂದಳು. “ಇಷ್ಟು ದಿನ ಮಾಡಿದ್ದು ತಮಾಷೆ. ನೀವು ಹೇಳ್ತಿರೋದು ಮಾಡಿದ್ರೆ ಅದು ಮೋಸ. ನನಗೆ ಎರಡರ ವ್ಯತ್ಯಾಸ ಗೊತ್ತು, ಅಣ್ಣನಿಗೂ ಗೊತ್ತಾಗುತ್ತೆ.” ದನಿಯಲ್ಲಿ ಅಳುಕಿರಲಿಲ್ಲ. ನನಗೇ ಇತ್ತು.

ಭಾನುವಾರ ಪತ್ರ ತಂದಳು. ಅವನು ಹೇಳಿದ್ದರಲ್ಲಿ ಒಂದಕ್ಷರ ಬದಲಿಸಿರಲಿಲ್ಲ. ಓದಿಸದೆ ಸಹಿ ಹಾಕಿಸಬಾರದು ಎಂಬ ಕಚೇರಿಯ ನಿಯಮದಂತೆ ಅಣ್ಣನ ಕೈಗೇ ಕೊಟ್ಟಳು. ಹನ್ನೊಂದು ಮಾತಿನ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಅದೇ ಹಳೆಯ ಪುಟ್ಟ ಗುರುತು. ಎರಡು ಕಡೆ ‘ಹೇಳಿದವರು: ಯಂತ್ರ. ಬರೆದವರು: ತಂಗಿ.’ ಒಂಬತ್ತು ಕಡೆ ‘ಹೇಳಿದವರು: ತಂಗಿ. ಬರೆದವರು: ತಂಗಿ.’

ಮೇಸ್ತ್ರಿ ಎರಡು ಸಲ ಓದಿದ. ಉಳಿದವರು ಅವನ ಭುಜದ ಮೇಲಿಂದ ಬಗ್ಗಿ ಓದಿದರು. ಅವನು ನನ್ನ ಕಡೆ ತಿರುಗಿ, “ನಿನಗೆ ಕೇಳಿಸ್ತಿತ್ತಲ್ಲ. ಗೊತ್ತಿತ್ತಾ?” ಎಂದ. ನನ್ನ ಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಅವನಿಗೆ ಅಷ್ಟು ಸಾಕಾಯಿತು.

ಆಮೇಲೆ ತಂಗಿಯ ಎದುರು ಸ್ಟೂಲು ಎಳೆದುಕೊಂಡು ಕೂತ. “ಪುಟ್ಟಿ,” ಎಂದ, ಐವತ್ತೈದು ದಾಟಿದವಳನ್ನು. “ಡಾಕ್ಟ್ರು ಹೇಳಿದ್ದು?”

“ಅದು ಡಾಕ್ಟ್ರದ್ದೇ ಅಣ್ಣ. ಒಂದಕ್ಷರ ನನ್ನದಲ್ಲ. ನನ್ನ ಕೈಲಿದ್ದಿದ್ರೆ ಅದನ್ನ ಬೇರೆ ಥರ ಬರೀತಿದ್ದೆ.”

“ಹೇಗೆ ನಂಬಲಿ?”

“ನಂಬಬೇಡ. ಓದಿಸು.”

ಚೀಲದಿಂದ ನೋಟ್‌ಪುಸ್ತಕಗಳನ್ನು ತೆಗೆದು ಬೆಂಚಿನ ಮೇಲೆ ಒಟ್ಟಿದಳು, ಇಪ್ಪತ್ತೆರಡು. ಅಣ್ಣನ ಜೊತೆ ಹೋದ ಪ್ರತಿ ಕಡೆಯೂ ಶೀಘ್ರಲಿಪಿಯಲ್ಲಿ ಬರೆದುಕೊಂಡದ್ದು, ತಾರೀಕು ಸಮೇತ. ನನ್ನ ಕಚೇರಿಯ ಹೊರಗಿನ ಯಾರಿಂದ ಬೇಕಾದರೂ ಓದಿಸು, ನಾನು ಜೊತೆಗೆ ಬರುವುದಿಲ್ಲ ಎಂದಳು. ಮೇಸ್ತ್ರಿ ತಾರೀಕು ನೋಡಿ ಒಂದನ್ನೇ ಎತ್ತಿಕೊಂಡ. ಆ ದಿನ ಯಾರೂ ಸಹಿ ಹಾಕಲಿಲ್ಲ, ಕಂತನ್ನೂ ನೋಡಲಿಲ್ಲ. ಆಕೆ ಮಾತ್ರ ಬೆಂಚುಗಳನ್ನು ಗೋಡೆಗೆ ಸರಿಸಿ, ಬರ್ತೀನಿ ಎಂದು ಎಂದಿನ ಹಾಗೆ ಹೋದಳು.

ಸೋಮವಾರ ನನ್ನ ಸ್ಕೂಟರಿನಲ್ಲಿ ಅವನನ್ನು ಒಬ್ಬ ನಿವೃತ್ತ ಸ್ಟೆನೋ ಮನೆಗೆ ಕರೆದುಕೊಂಡು ಹೋದೆ. ಟೈಪಿಸ್ಟಮ್ಮನ ಪರಿಚಯ ಅವರಿಗಿಲ್ಲ; ನನ್ನ ಹತ್ತಿರ ಒಂದು ರೇಡಿಯೋ ಕೊಂಡವರು. ಕನ್ನಡಕ ಏರಿಸಿ, ಗೆರೆಗಳ ಕೆಳಗೆ ಬೆರಳಿಟ್ಟು, ಮೊದಲು ಬರಹ ಬಹಳ ಶುದ್ಧವಾಗಿದೆ ಎಂದರು, ಸುಮ್ಮನೆ ಹೊಗಳುವ ಪೈಕಿ ಅಲ್ಲ. ಆಮೇಲೆ ಮೇಸ್ತ್ರಿಯ ಮುಖಕ್ಕೆ ಮುಖ ಕೊಟ್ಟು ಒಂದೊಂದೇ ಸಾಲು ಓದಿದರು.

“ಡಾಕ್ಟರು: ಕಿವಿ ಇನ್ನು ಬರೋದಿಲ್ಲಮ್ಮ. ನರವೇ ಹೋಗಿದೆ. ಅವರಿಗೆ ಏನಿಲ್ಲ ಬಿಡಿ ಅಂತ ಹೇಳಿಬಿಡಿ. ತಂಗಿ: ಹಾಗೆ ಹೇಳೋಕಾಗಲ್ಲ ಡಾಕ್ಟ್ರೆ. ನೀವು ಅಂದಿದ್ದನ್ನೇ ಹೇಳ್ತೀನಿ. ಡಾಕ್ಟರು ಕೆಮ್ಮಿದರು.”

ಕೆಮ್ಮನ್ನೂ ಬರೆದುಕೊಂಡಿದ್ದಳು.

ಮೇಸ್ತ್ರಿ ಪುಸ್ತಕ ಇಸಿದುಕೊಂಡು ಆ ಪುಟವನ್ನು ತಾನೂ ನೋಡಿದ, ಓದಲು ಬಾರದಿದ್ದರೂ. ಆ ದಿನ ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನಲ್ಲಿ ಎದುರು ಕೂರಿಸಿಕೊಂಡು ಆಕೆ ಅವನಿಗೆ ಹೇಳಿದ್ದು ಇಷ್ಟನ್ನೇ, ಇದೇ ಕ್ರಮದಲ್ಲಿ ಎಂದು ಸ್ಕೂಟರಿನ ಹಿಂದೆ ಕೂತು ನನಗೆ ಹೇಳಿದ. ಮೆತ್ತಗೆ ಹೇಳುತ್ತಿದ್ದೇನೆ ಎಂದುಕೊಂಡು ಹೇಳಿದ್ದು. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದ. ನನ್ನ ಗೋದಾಮಿಗೆ ಹೋಗಿ, ಕೇಳದೆ, ಒಂದು ದೊಡ್ಡ ಪೆಟ್ಟಿಗೆಯನ್ನು ರಟ್ಟು ರಟ್ಟಾಗಿ ಕತ್ತರಿಸಿದ. ಆ ಪೆಟ್ಟಿಗೆಯೊಳಗೆ ಇನ್ನೂ ಮಾರಾಟವಾಗದ ಟೀವಿ ಇತ್ತು; ಅದನ್ನು ನೆಲದ ಮೇಲೆ ಇಟ್ಟಿದ್ದ. ತಂಗಿ ಬಂದಾಗ ರಿಮೋಟು ಒತ್ತಿ ತೆರೆಯ ಕೆಳಗಿನ ಅಕ್ಷರ ಆರಿಸಿದ. ರಟ್ಟಿನ ಕಟ್ಟು ಮತ್ತು ಒಂದು ಕೆಂಪು ಪೆನ್ನು ಆಕೆಯ ಕೈಗಿಟ್ಟ.

“ನಿಂದು ಬಂದಾಗ ಮೂಲೇಲಿ ಕೆಂಪು ಚುಕ್ಕೆ ಹಾಕು,” ಎಂದ. “ಯಾರದಕ್ಕೆ ನಗ್ತಿದೀನಿ ಅಂತ ನನಗೆ ಗೊತ್ತಿರಬೇಕು. ಅಷ್ಟೇ.”

“ಇವತ್ತಿಂದು ಬರ್ಕೊಂಡಿಲ್ಲವಲ್ಲೋ.”

“ನಿನ್ನೆ ಮೊನ್ನೆ ಹುಟ್ಟಿದೋಳ ಥರ ಆಡಬೇಡ. ಶುಕ್ರವಾರ ನೀನು ಈ ಅಂಗಡಿಗೆ ಬಂದಿದ್ದೆ. ರಸ್ತೆ ಆಚೆ ಬದೀಲಿ ನಾನು ನಿಂತಿದ್ದೆ.”

ನಿಜ. ಶುಕ್ರವಾರ ಸಂಜೆ ಆರಕ್ಕೆ ಆಕೆ ಪೆನ್ಸಿಲು ಹಿಡಿದು ಬಂದಿದ್ದಳು. ಅಣ್ಣ ಒಪ್ಪುತ್ತಾನೋ ಇಲ್ಲವೋ ಎಂದು ನಾನು ಕೇಳಿದ್ದಕ್ಕೆ, ಒಪ್ಪದೆ ಎಲ್ಲಿ ಹೋಗ್ತಾನೆ, ಪುಸ್ತಕ ಓದಿಸಿದಾನೆ ತಾನೆ ಎಂದಿದ್ದಳು. ಬರ್ಕೊಂಡಿಲ್ಲ ಎಂದದ್ದು ಅಣ್ಣನನ್ನು ಕೆಣಕಲು; ನೂರ ನಲವತ್ತು ರಟ್ಟು ಬರೆದು ಗೋಣಿಚೀಲದಲ್ಲಿ ತಂದಿದ್ದಳು. ಚುಕ್ಕೆ ಹಾಕಲು ಎಂಟು ನಿಮಿಷ ಹಿಡಿಯಿತು.

ಈಗ ಭಾನುವಾರಗಳ ಮಾತೇ ಬೇರೆ. ಚುಕ್ಕೆಯಿದ್ದದ್ದು ಮೇಲೋ ಇಲ್ಲದ್ದು ಮೇಲೋ ಎಂದು ಹತ್ತು ಮಂದಿ ಎರಡು ಬಣವಾಗಿದ್ದಾರೆ. ಸುತ್ತಿಗೆ ಮಾಮ ಚುಕ್ಕೆ ಕಂಡರೆ ಮಾತು ಓದುವ ಮೊದಲೇ ನಗುತ್ತಾರೆ. ಮೇಸ್ತ್ರಿ ಒಮ್ಮೆ ಚುಕ್ಕೆಯಿಲ್ಲದ ಒಂದು ‘ಕ್ಷಮಿಸಿ’ಗೆ ನಕ್ಕುಬಿಟ್ಟ, ನಕ್ಕದ್ದಕ್ಕೆ ತಾನೇ ಮುಖ ಗಂಟಿಕ್ಕಿಕೊಂಡ. ಅದು ನನ್ನದಕ್ಕಿಂತ ಚೆನ್ನಾಗಿದೆ, ಒಪ್ಕೋ ಎಂದು ಟೈಪಿಸ್ಟಮ್ಮ ರಟ್ಟು ಕೆಳಗಿಳಿಸಿ ಹೇಳಿದಳು. ಫೋನಿನಲ್ಲಿ ನಕ್ಕಿದ್ದ ನಲವತ್ತು ಜನಕ್ಕೆ ಅವನು ಉತ್ತರ ಬರೆದಿದ್ದಾನೆ: ‘ನಾವು ನೋಡಿದ್ದು ಬೇರೆ. ನಮ್ಮದು ಇನ್ನೂ ಚೆನ್ನಾಗಿತ್ತು.’ ಕಂಪನಿಗೆ ಪತ್ರವೂ ಹೋಯಿತು, ಹತ್ತು ಸಹಿಯ ಜೊತೆ. ಅದರಲ್ಲಿ ಈಗ ಯಾರನ್ನೂ ತೆಗೆಯಬೇಕೆಂದಿಲ್ಲ. ಯಂತ್ರಕ್ಕೆ ಸ್ವಲ್ಪ ಬಾಯಿ ಬೇಕು, ಬರೆಯುವವರು ಬೇಕಿದ್ದರೆ ನಮ್ಮಲ್ಲಿ ಒಬ್ಬರಿದ್ದಾರೆ, ವಿಳಾಸ ಕೆಳಗಿದೆ ಎಂದಿದೆ. ಉತ್ತರ ಬಂದಿಲ್ಲ. ಬರುತ್ತೆ, ಅವಸರವೇನು ಎನ್ನುತ್ತಾಳೆ ಆಕೆ.

ಇನ್ನು ನನ್ನದು. ಕೆಟ್ಟುಹೋದ ಟೀವಿ ಹೊತ್ತು ತಂದು ಜಗಳಕ್ಕೆ ನಿಂತ ಗಿರಾಕಿಗೆ, ದಣಿದಿಲ್ಲ ಸ್ವಾಮಿ, ತಣ್ಣಗಾಗ್ತಾ ಇದೆ ಎಂದು ಹೇಳಿ ನಗಿಸಿ, ಕೂರಿಸಿ, ರಿಪೇರಿ ಮಾಡಿ ಕಳಿಸಿದ್ದೇನೆ. ಕೊಳ್ಳಲು ಹಿಂದೆಮುಂದೆ ನೋಡುವವರಿಗೆ, ತಪ್ಪು ಅದರದ್ದಲ್ಲ, ಕೊಂಡವರದು ಎಂದು ಹಳೆಯ ಟೀವಿ ತೋರಿಸಿ ಹೊಸದು ಮಾರಿದ್ದೇನೆ. ಮಾತುಗಾರ ಎಂದು ಈ ಬೀದಿಯಲ್ಲಿ ನನಗೆ ಹೆಸರಿದೆ. ಹದಿನೈದು ವರ್ಷದಿಂದ ನಾನು ಅಂಗಡಿಯಲ್ಲಿ ಆಡಿದ ಒಳ್ಳೆಯ ಮಾತುಗಳೆಲ್ಲ ಟೈಪಿಸ್ಟಮ್ಮನವು, ಮತ್ತು ಇವತ್ತಿನವರೆಗೆ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.